ಎಲೆ ತೋಟಕ್ಕೆ ಕಾಯಿ ನಿಂತದ್ದು

ಕಾಯಿ ನಿಂತಿವೆ! ನಮ್ಮ ಪೇರಲ ತೋಟದಲ್ಲಿ ಕಾಯಿ ನಿಂತಿವೆ. ಹೂವಲ್ಲ, ಹೂವಿನ ಮಾತು ಹಳೆಯದಾಯಿತು. ಹೂ ಉದುರಿ, ಅದರ ಹಿಂದೆ ಹಸಿರು ಗುಂಡು ಕೂತು, ಅದು ಈಗ ಅಡಿಕೆಯ ಗಾತ್ರಕ್ಕೆ ಬಂದಿದೆ. ನಿನ್ನೆ ಬೆಳಿಗ್ಗೆ ಸಾಲು ಹಿಡಿದು ಹೋಗಿ ಕೈಗೆಟಕಿದವನ್ನೆಲ್ಲ ಬೆರಳಿನಿಂದ ತಟ್ಟಿ ಬಂದೆ. ಒಂದೂ ಉದುರಲಿಲ್ಲ. ಸಂತೆಗೆ ಹೊರಟ ಬಸ್ಸಿನಲ್ಲಿ ಸೀಟು ಹಿಡಿದವರ ಹಾಗೆ ಗಟ್ಟಿಯಾಗಿ ಕೂತಿವೆ.

ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ಮನಿರುವ ಹೆಂಗಸು ನಾನಲ್ಲ. ಹೋಳಿಗೆಗೆ ಬೇಳೆ ಬೆಲ್ಲ ತರುತ್ತೇನೆಂದು ನೆವ ಹೇಳಿ ದೊಡವಾಡದಿಂದ ಬೈಲಹೊಂಗಲದ ಬಸ್ಸು ಹತ್ತಿದೆ. ಬೇಳೆ ಬೆಲ್ಲ ನಮ್ಮೂರಲ್ಲೂ ಸಿಗುತ್ತವೆ. ಹೊಸ ಕಿವಿಗಳು ಸಿಗುವುದಿಲ್ಲ. ಊರಿನವರ ಕಿವಿಯನ್ನೆಲ್ಲ ಬೆಳಗಿನ ಹೊತ್ತಿಗೇ ತುಂಬಿಸಿಬಿಟ್ಟಿದ್ದೆ.

ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ, “ನಮ್ಮ ಮನ್ಯಾಗ ಭಾಳ ಛಲೋ ಸುದ್ದಿ ಐತ್ರಿ ಯಕ್ಕಾ,” ಎಂದೆ.

“ಹೌದ? ಗಂಡೋ ಹೆಣ್ಣೋ?”

“ಪೇರಲರಿ.”

ಆಕೆ ತನ್ನ ಗಂಟನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ತಿರುಗಲಿ ಬಿಡಿ. ಆ ಕಾಯಿಗಳ ಜೊತೆ ಏನು ನಿಂತಿತ್ತು ಎಂಬುದು ಅವಳಿಗೇನು ಗೊತ್ತು? ನನ್ನ ಸೊಸೆಯ ಮಾತು ನಿಂತಿತ್ತು. ಕಾಯಿ ಬಾರದಿದ್ದರೆ ತೋಟಕ್ಕೆ ಕೊಡಲಿ, ಸೊಸೆಯ ಬಾಯಿಗೆ ಬೀಗ ಎಂದು ನಮ್ಮ ಮನೆಯಲ್ಲಿ ಎಲ್ಲರ ಎದುರಿಗೆ ತೀರ್ಮಾನವಾಗಿತ್ತು.

ನನ್ನ ಓದು ಕಿತ್ತೂರಿನ ಸಾಲೆಯಲ್ಲಿ ಎರಡನೆಯ ಇಯತ್ತೆಗೇ ಮುಗಿದದ್ದು. ಅದಕ್ಕೆ ಇದನ್ನು ಬರೆಯುವಾಗ ಮೊಮ್ಮಗಳು ಪಕ್ಕದಲ್ಲಿ ಕೂತು ಒತ್ತಕ್ಷರ ತಿದ್ದುತ್ತಿದ್ದಾಳೆ. ಅವಳ ಅಜ್ಜನ ಸುದ್ದಿ ಬಂದ ಕಡೆ ಮಾತ್ರ ತಿದ್ದುವುದನ್ನು ಬಿಟ್ಟು ನಗುತ್ತಾಳೆ. ಅಲ್ಲಿ ತಪ್ಪುಗಳಿದ್ದರೆ ಅವಳ ಜವಾಬ್ದಾರಿ.

ಮೊದಲು ನಮ್ಮ ಬಾವಿಯ ಮೇಲೆ ಕಪಿಲೆ ಇತ್ತು. ಎತ್ತುಗಳು ಹಿಂದೆ ಮುಂದೆ ನಡೆದು ಚರ್ಮದ ಚೀಲದಲ್ಲಿ ನೀರು ಮೇಲೆ ಬರಬೇಕು. ಆಗ ನಮ್ಮ ಯಜಮಾನರಿಗೆ ನೀರಿನ ಬೆಲೆ ಗೊತ್ತಿತ್ತು, ಅವರಿಗಿಂತ ಚೆನ್ನಾಗಿ ಎತ್ತುಗಳಿಗೆ ಗೊತ್ತಿತ್ತು. ಎತ್ತು ನಿಂತರೆ ನೀರೂ ನಿಲ್ಲುತ್ತಿತ್ತು. ಆಮೇಲೆ ಕರೆಂಟು ಬಂತು, ಬಾವಿಗೆ ಮೋಟರು ಬಂತು. ಮೋಟರಿಗೆ ದಣಿವಿಲ್ಲ, ಬಾಯಲ್ಲಿ ನೊರೆ ಬರುವುದಿಲ್ಲ. ಹಸಿರು ಬಟನ್ನು ಒತ್ತಿದರೆ ಓಡುತ್ತದೆ, ಕೆಂಪು ಬಟನ್ನು ಒತ್ತಿದರೆ ನಿಲ್ಲುತ್ತದೆ. ಯಜಮಾನರು ಹಸಿರು ಬಟನ್ನನ್ನು ಮಾತ್ರ ಕಲಿತರು.

ಆ ಹುರುಪಿನಲ್ಲೇ ಪೇರಲ ಸಸಿ ತಂದರು. ಮಾರಿದವನು, “ಇವು ಸಾದಾ ಪೇರಲ ಅಲ್ರಿ, ಸಪರಚಂದದ ಜಾತಿ. ಹಣ್ಣಾದರ ಮಾರಿ ಕೆಂಪಗ ಆಗತೈತಿ,” ಎಂದಿದ್ದನಂತೆ. ಸಪರಚಂದ ಎಂದರೆ ಸೇಬು. ನಮ್ಮ ಕಡೆ ಸೇಬು ಕಂಡವರು ಕಡಿಮೆ, ಕಂಡವರೂ ರೋಗಿಯ ಹಾಸಿಗೆಯ ಪಕ್ಕದಲ್ಲಿ ಕಂಡವರು. ಯಾರ ಮನೆಗಾದರೂ ಸೇಬು ಹೊತ್ತುಕೊಂಡು ಹೋದರೆ ಆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದು ಊರೆಲ್ಲ ತಿಳಿದುಕೊಳ್ಳುತ್ತದೆ. ಅಂಥ ದೊಡ್ಡ ಹಣ್ಣಿನ ಬಳಗ ತಮ್ಮ ಹೊಲಕ್ಕೆ ಬರುತ್ತಿದೆ ಎಂದ ಮೇಲೆ ಯಜಮಾನರು ಜಾಗ ಬಿಟ್ಟಾರೆಯೇ? ಗಿಡಕ್ಕೆ ಗಿಡ ಒತ್ತಿ, ಮದುವೆ ಪಂಕ್ತಿಯಲ್ಲಿ ಕೂರಿಸಿದ ಹಾಗೆ ನೆಟ್ಟರು.

ಗಿಡ ಆಳೆತ್ತರ ಬಂದಾಗ ಗ್ರಾಮಸೇವಕರು ಸೈಕಲ್ಲಿನ ಮೇಲೆ ಬಂದರು. ತಿಳಿದ ಮನುಷ್ಯ, ಸಣ್ಣ ದನಿ. ಒಂದು ಬೊಗಸೆ ಮಾಡಿ ತೋರಿಸಿ, “ಒಂದೊಂದು ಗಿಡಕ್ಕ ಸರಕಾರಿ ಗೊಬ್ಬರ ಇಷ್ಟ ಹಾಕ್ರಿ. ಅರ್ಧ ಈಗ, ಅರ್ಧ ಕಾಯಿ ಹಿಡದ ಮ್ಯಾಲೆ. ನೀರೂ ಹಗೂರಕ. ಇಷ್ಟ ಸಾಕು,” ಎಂದರು. ಸರಕಾರಿ ಗೊಬ್ಬರ ಎಂದರೆ ಚೀಲದಲ್ಲಿ ಬರುವ ಯೂರಿಯಾ. ನೋಡಲು ಸಕ್ಕರೆ, ಮುಟ್ಟಿದರೆ ತಣ್ಣಗೆ.

ಅವರು ಹೇಳಿದ್ದರಲ್ಲಿ ಎಲ್ಲ ಸರಿಯಾಗಿತ್ತು, ಆ “ಸಾಕು” ಒಂದು ಇರಬಾರದಿತ್ತು. ನಮ್ಮ ಕಡೆ ಉಣ್ಣುತ್ತಿರುವವರು ಸಾಕು ಎಂದರೆ ಇನ್ನೊಂದು ರೊಟ್ಟಿ ಹಾಕಿ ಎಂದರ್ಥ. ಮೊದಲನೆಯ ಸಾಕು ಉಣ್ಣುವವರ ಮರ್ಯಾದೆಗೆ. ಎರಡನೆಯ ಸಾಕು ಬಡಿಸುವವರ ಮರ್ಯಾದೆಗೆ. ಬೀಗರು ಎರಡೂ ಕೈಯನ್ನು ತಾಟಿನ ಮೇಲೆ ಅಡ್ಡ ಹಿಡಿದು ಮೈಯೆಲ್ಲ ಮುಂದಕ್ಕೆ ಬಾಗಿಸಿದರೆ ಅದು ನಿಜವಾದ ಸಾಕು. ಆಗಲೂ ಬೆರಳ ಸಂದಿಯಿಂದ ತುಪ್ಪ ಬಿಡುವವರು ಇದ್ದಾರೆ. ಗ್ರಾಮಸೇವಕರು ಒಂದೇ ಸಲ ಸಾಕು ಎಂದರು, ಕೈ ಅಡ್ಡ ಹಿಡಿಯಲಿಲ್ಲ.

ಅವರ ಸೈಕಲ್ಲು ಹಳ್ಳ ದಾಟುವುದರೊಳಗೆ ಯಜಮಾನರು, “ಪಾಪ, ದಾಕ್ಷಿಣ್ಯದ ಮನಷ್ಯಾ. ನಮಗ ಖರ್ಚ ಆಗತೈತಂತ ಕಮ್ಮಿ ಹೇಳ್ಯಾನ,” ಎಂದು ಗಿಡಕ್ಕೆ ಎರಡೆರಡು ಬೊಗಸೆ ಸುರಿದರು. ಸುರಿದದ್ದು ಬುಡಕ್ಕೆ, ದೇವರ ಪಾದಕ್ಕೆ ಅಕ್ಕಿ ಹಾಕಿದ ಹಾಗೆ. ಮೇಲೆ ಹಸಿರು ಬಟನ್ನು ಒತ್ತಿ, ಗಿಡದ ಸುತ್ತಲಿನ ಪಾತಿ ತುಂಬಿ ಹೊರಗೆ ಹರಿಯುವ ತನಕ ನೀರು.

ಗಿಡಗಳು ಬೆಳೆದವು. ಅಯ್ಯೋ, ಏನು ಬೆಳೆದವು ಅಂತೀರಿ! ಕಪ್ಪು ಹಸಿರು ಎಲೆ, ಒಂದೊಂದೂ ಅಂಗೈ ಅಗಲ. ಒಳಗೆ ಹೊಕ್ಕರೆ ಹಗಲಲ್ಲೇ ಕತ್ತಲೆ. ನೇಸರಗಿಯ ನೆಂಟರು ಬಂದಾಗ ಮನೆಗೆ ಬರುವ ಮೊದಲು ತೋಟಕ್ಕೆ ಹೋಗುತ್ತಿದ್ದರು. “ಏನ್ ಹಸರೋ ಮಾರಾಯಾ!” ಎಂದು ಬಾಯಿ ತೆರೆದರೆ ಯಜಮಾನರು ತಾವೇ ಚಿಗುರಿದ ಹಾಗೆ ನಿಲ್ಲುತ್ತಿದ್ದರು. ಅವರಲ್ಲೊಬ್ಬರು, “ಹಣ್ಣ ಯಾವಾಗರಿ?” ಎಂದರೆ, “ಗಿಡಾ ಮೊದಲ ಗಟ್ಟಿ ಆಗಲಿ ತಡೀರಿ,” ಎಂಬ ಉತ್ತರ ಸಿದ್ಧವಿತ್ತು.

ಗಿಡ ಗಟ್ಟಿಯಾಗುತ್ತಲೇ ಹೋಯಿತು. ವರ್ಷಕ್ಕೆ ನಾಲ್ಕಾರು ಕಾಯಿ ಬಿಟ್ಟವು, ಅವನ್ನು ಅಳಿಲು ನೋಡಿತು, ನಾವು ನೋಡಲಿಲ್ಲ. ಕಾಯಿ ಇಲ್ಲವಲ್ಲ ಎಂದು ಯಜಮಾನರು ಗೊಬ್ಬರ ಹೆಚ್ಚಿಸಿದರು. ಗೊಬ್ಬರ ಹೆಚ್ಚಿತಲ್ಲ ಎಂದು ನೀರು ಹೆಚ್ಚಿಸಿದರು. ನೀರು ಹೆಚ್ಚಿತಲ್ಲ ಎಂದು ಗಿಡಗಳು ಎಲೆ ಹೆಚ್ಚಿಸಿದವು. ಆ ತೋಟದಿಂದ ಹೊಟ್ಟೆ ತುಂಬಿದ್ದು ನಮ್ಮ ಆಡುಗಳಿಗೆ ಮಾತ್ರ. ಬಾವಿಯಲ್ಲಿ ಪಾಚಿ ಕೂಡ ಹಿಂದೆಂದೂ ಕಾಣದ ಹಾಗೆ ಕೊಬ್ಬಿತು. ಅದು ಯಾಕೆಂದು ಯಾರೂ ಕೇಳಲಿಲ್ಲ.

ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ನನ್ನ ಮಗ ಊಟದ ನಡುವೆ ಮಾತು ತೆಗೆದ. ಅವನು ಜೋರು ಮಾಡುವವನಲ್ಲ, ಆದರೆ ಒಮ್ಮೆ ಹೇಳಿದರೆ ಮಾಡುವವನು.

“ಯಪ್ಪಾ, ಗಿಡಾ ಕಡದು ಹೈಬ್ರೀಡ್ ಹತ್ತಿ ಹಾಕೂಣು. ಮಂದಿ ಹಣ್ಣ ಮಾರತಾರ, ನಾವು ಎಲಿ ಎಣಿಸಿಕೋತ ಕುಂತೇವಿ.”

“ಇಂಥಾ ಗಿಡಕ್ಕ ಕೊಡ್ಲಿ ಹಾಕತೀಯೇನೋ?”

“ಇಂಥಾ ಗಿಡದಿಂದ ಏನ್ ಬಂತು, ನೀವ ಹೇಳ್ರಿ.”

ಯಜಮಾನರು ತಾಟು ನೋಡಿದರು. ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಸೊಸೆಯ ದನಿ ಬಂತು. “ಮಾವಾರ, ಒಂದ ಮಾತ ಹೇಳಲೇನ್ರಿ?”

ಅವಳು ರಾಮದುರ್ಗದ ಕಡೆಯವಳು. ಮದುವೆಯಾಗಿ ಬಂದು, ಮಗಳು ಸಾಲೆಗೆ ಹೋಗುವಷ್ಟು ದೊಡ್ಡವಳಾದರೂ ಹೊಲದ ಮಾತಿನಲ್ಲಿ ಅವಳ ದನಿ ನಾವು ಕೇಳಿದ್ದಿಲ್ಲ. ಹೊಲದ ಮಾತು ಪಡಸಾಲೆಯದು, ಸೊಸೆಯ ಮಾತು ಅಡುಗೆಮನೆಯದು ಎಂದು ನಡೆದುಕೊಂಡು ಬಂದಿತ್ತು.

“ನಮ್ಮ ಸೋದರಮಾವನ ತೋಟದಾಗ ಬ್ಯಾಸಗ್ಯಾಗ ಪೇರಲಕ್ಕ ನೀರ ಬಂದ್ ಮಾಡತಾರ್ರಿ. ಎಲಿ ಎಲ್ಲಾ ಉದರತಾವ. ಆಮ್ಯಾಲೆ ಗೊಬ್ಬರ ಕೊಟ್ಟು ಹಗೂರಕ ನೀರ ಬಿಟ್ಟರ ಹೂ ಹಿಡೀತಾವ.”

ಯಜಮಾನರ ತುತ್ತು ಕೈಯಲ್ಲೇ ನಿಂತಿತು. “ನೀರ ಬಂದ್? ಬ್ಯಾಸಗ್ಯಾಗ? ವೈರಿ ಬಾಗಲಿಗೆ ಬಂದರೂ ಬೆಲ್ಲ ನೀರ ಕೊಡೂ ಮನಿ ಇದು. ನಾವ ನೆಟ್ಟ ಗಿಡಕ್ಕ ನೀರ ಕೊಡಬ್ಯಾಡ ಅಂತೀಯೇನವಾ?”

“ಅವು ಹೊಟ್ಟಿ ತುಂಬಿ ಕುಂತಾವರಿ. ಹೊಟ್ಟಿ ತುಂಬಿದ್ದಕ್ಕ ಕಾಯಿ ಮಾಡೂ ನೆನಪ ಬರವಲ್ದು.”

ಮಗ ನಕ್ಕುಬಿಟ್ಟ. ನಕ್ಕ ಮೇಲೆ ಮಾತು ಕೊಡಬೇಕಾಯಿತು. “ಆತು. ಈ ಮಿರಗದ ಮಳಿಗೆ ಹೂ ಬಿಟ್ಟು ಕಾಯಿ ನಿಂತರ ತೋಟಾ ಉಳೀಲಿ. ಮುಂದ ನೀರು ಗೊಬ್ಬರ ಎಲ್ಲಾ ಈಕಿ ಹೇಳಿದಂಗ. ಇಲ್ಲಂದ್ರ ಕೊಡ್ಲಿ.”

“ಇಲ್ಲಂದ್ರ ಈಕಿ ಮತ್ತ ಹೊಲದ ಮಾತಿಗೆ ಬಾಯಿ ಹಾಕಬಾರದು,” ಎಂದರು ಯಜಮಾನರು.

“ಆಗಲ್ರಿ,” ಎಂದಳು ಬಾಗಿಲ ಹಿಂದಿನಿಂದ.

ಒಳಗೆ ಹೋಗಿ ನೋಡಿದರೆ ಅವಳ ಬೆರಳಿನ ಹಿಟ್ಟು ಒಣಗಿ ಬಿರಿದಿತ್ತು. “ಅತ್ತೀ, ನಾ ಸಣ್ಣಾಕಿ ಇದ್ದಾಗ ನೋಡಿದ್ದರಿ. ಎಷ್ಟ ದಿನಾ ನೀರ ಬಂದ್ ಇಡತಾರ, ನಂಗ ನೆನಪ ಇಲ್ಲ,” ಎಂದಳು.

“ಹಂಗಾದ್ರ ಯಾಕ ಹೇಳಿದ್ಯವಾ?”

“ಕಡಿತೇನಿ ಅಂದ್ರಲ್ರಿ.”

ಶಿವರಾತ್ರಿ ಆದ ಮೇಲೆ ಪೇರಲದ ಕಾಲುವೆಗೆ ಮಣ್ಣಿನ ಒಡ್ಡು ಹಾಕಿದೆವು. ದನಕ್ಕೆ ನೀರು, ಕಾಯಿಪಲ್ಯದ ಮಡಿಗೆ ನೀರು, ಪೇರಲಕ್ಕೆ ಇಲ್ಲ. ಊರಿನಲ್ಲಿ ನೀರು ಬಂದ್ ಎಂದರೆ ದೊಡ್ಡ ತಪ್ಪು ಮಾಡಿದವರಿಗೆ ಕೊಡುವ ಶಿಕ್ಷೆ. ಗಿಡಗಳು ಏನು ತಪ್ಪು ಮಾಡಿದವು ಎಂದು ಕೇಳಲು ಜನ ಬಂದರು. ಹಸಿರನ್ನು ಹೊಗಳಿ ಹೋದವರೇ ಬಂದು ಮರುಗಿ ಹೋದರು. ಯಜಮಾನರು ಅವರ ಜೊತೆ ತಾವೂ ಸೇರಿ ಮರುಗಿದರು.

ಸೋದರಮಾವನ ತೋಟದಲ್ಲಿ ಹೋಳಿ ಹುಣ್ಣಿಮೆಯ ಹೊತ್ತಿಗೆ ಎಲೆ ಉದುರುತ್ತಿದ್ದವಂತೆ. ನಮ್ಮಲ್ಲಿ ಹೋಳಿ ಹೋಯಿತು, ಎಲೆ ಇದ್ದವು. ಯುಗಾದಿ ಬಂತು, ಎಲೆ ಇದ್ದವು. ಸ್ವಲ್ಪ ಸೊರಗಿದ್ದವು, ಅಷ್ಟೇ. ದಿನವೂ ಬೆಳಿಗ್ಗೆ ಯಜಮಾನರು ತೋಟ ನೋಡಿ ಬಂದು, “ಒಂದೂ ಬಿದ್ದಿಲ್ಲ,” ಎಂದು ಸುದ್ದಿ ಹೇಳುತ್ತಿದ್ದರು. ಅವರಿಗೆ ಅದು ಸಂತೋಷವೋ ಸಂಕಟವೋ ಅವರ ಮುಖ ನೋಡಿ ಹೇಳಲು ಬರುತ್ತಿರಲಿಲ್ಲ. ಸೊಸೆಗೆ ಊಟ ಸೇರದಾಯಿತು. ಮಗ ಕೊಡಲಿಗೆ ಹೊಸ ಕಾವು ಹಾಕಿದ, ಹತ್ತಿ ಬೀಜದ ಚೀಲ ತಂದಿಟ್ಟ.

ಇದರ ನಡುವೆ ಯಜಮಾನರಿಗೆ ಬೇನೆ ಶುರುವಾಯಿತು. ಚರಿಗೆಯಲ್ಲಿ ನೀರು ಹಿಡಿದು ಬೆಳಿಗ್ಗೆ ಹೊಲದ ಕಡೆ ಹೋಗುವುದು ಹಳ್ಳಿಯಲ್ಲಿ ಎಲ್ಲರಿಗೂ ಇದ್ದದ್ದೇ. ಇವರು ಬೆಳಿಗ್ಗೆ ಹೋದರು, ನಾಷ್ಟಾ ಮಾಡಿ ಹೋದರು, ಮಧ್ಯಾಹ್ನ ಉಂಡು ಹೋದರು, ಸಂಜೆಗೂ ಹೋದರು. ಕೇಳಿದರೆ ಹೊಟ್ಟೆ ಹಿಡಿದುಕೊಂಡು, “ಕೇಳಬ್ಯಾಡ, ಒಳಗ ಸರಿ ಇಲ್ಲ,” ಎಂದರು.

ನಾನು ರೊಟ್ಟಿ ಬಂದ್ ಮಾಡಿದೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಬಂದ್, ಬದನೆಕಾಯಿ ಬಂದ್. ನುಚ್ಚಿನ ಗಂಜಿ, ಮೆಂತ್ಯ ಕಲಸಿದ ಮಜ್ಜಿಗೆ, ದಾಳಿಂಬೆ ಸಿಪ್ಪೆಯ ಕಷಾಯ ಶುರು ಮಾಡಿದೆ. ಕಷಾಯದ ಕಹಿಗೆ ಅವರ ಮುಖ ಕಿವುಚಿದ ನಿಂಬೆಯ ಹಾಗಾಗುತ್ತಿತ್ತು, ಆದರೂ ಕುಡಿದರು. ಬೇನೆ ಮಾತ್ರ ಇಳಿಯಲಿಲ್ಲ. ಒಂದು ದಿನ ಚರಿಗೆ ಬಿಟ್ಟು ದನಕ್ಕೆ ನೀರಿಡುವ ಬಕೆಟ್ಟನ್ನೇ ಹಿಡಿದು ಹೊರಟರು.

“ಅಯ್ಯ ಶಿವನೇ, ಬಕೀಟು ಯಾಕ್ರಿ?”

“ವಯಸ್ಸಾತು. ಮನಷ್ಯಾ ಸ್ವಚ್ಛ ಇರಬೇಕು.”

ಬಕೆಟ್ಟು ಕಂಡು ಕಷಾಯಕ್ಕೆ ಇನ್ನೆರಡು ದಾಳಿಂಬೆ ಸಿಪ್ಪೆ ಹಾಕಿದೆ. ಬೇನೆ ಅಷ್ಟು ಏರಿದೆ ಎಂದುಕೊಂಡೆ.

ಊರಿನಲ್ಲಿ ಎರಡು ಸುದ್ದಿಗಳು ಒಂದೇ ಬಸ್ಸು ಹತ್ತಿದರೆ ಇಳಿಯುವಾಗ ಒಂದೇ ಸುದ್ದಿಯಾಗಿ ಇಳಿಯುತ್ತವೆ. “ಸೊಸಿ ನೀರ ಬಂದ್ ಮಾಡ್ಯಾಳ, ಮಾವ ಹಾಸಿಗಿ ಹಿಡದಾನ” ಎಂದು ರಾಮದುರ್ಗ ಮುಟ್ಟಿತು. ಸೊಸೆಯ ತಾಯಿ ತಡಮಾಡದೆ ಹೊರಟು ಬಂದರು. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ರೋಗಿಗೆಂದು ಒಂದು ಚೀಲ ಸಪರಚಂದ ಕೊಂಡಿದ್ದರು. ಚೀಲ ಕಂಡು ನಮ್ಮ ಓಣಿಯ ಹೆಂಗಸರು ಆಗಲೇ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಬೀಗತಿ ಮುಂಬಾಗಿಲಿಂದ ಒಳಗೆ ಬಂದು, “ಬೀಗರು ಹೆಂಗದಾರ್ರಿ ಯಕ್ಕಾ?” ಎಂದು ಕಣ್ಣೀರು ತಂದರು. ಅದೇ ಹೊತ್ತಿಗೆ ಯಜಮಾನರು ಖಾಲಿ ಬಕೆಟ್ಟು ಬೀಸುತ್ತಾ, ಏನೋ ಗುನುಗುತ್ತಾ ಹಿತ್ತಿಲ ಬಾಗಿಲಿಂದ ಬಂದರು. ಸಪರಚಂದದ ಚೀಲ ಕಣ್ಣಿಗೆ ಬಿದ್ದದ್ದೇ ಗುನುಗು ನಿಂತಿತು. ಹೊಟ್ಟೆ ಹಿಡಿದುಕೊಂಡು ಕಂಬಳಿಯ ಮೇಲೆ ಮೆಲ್ಲಗೆ ಒರಗಿದರು.

ಜನ್ಮದಲ್ಲಿ ಮೊದಲ ಸಲ ಸೇಬು ತಿಂದರು. ನಾವೆಲ್ಲ ಸುತ್ತ ಕೂತು ನೋಡಿದೆವು. ಎಷ್ಟೋ ದೂರದಿಂದ ಬಂದ ಹಣ್ಣು, ದಾರಿಯಲ್ಲೇ ಮೆತ್ತಗಾಗಿತ್ತು. “ಹತ್ತಿ ತಿಂದಂಗ ಆತು. ಸುಮ್ಮನ ಹೆಸರ ಮಾಡೈತಿ,” ಎಂದು ಇನ್ನೊಂದಕ್ಕೆ ಕೈ ಚಾಚಿದರು.

ಅವರು ಮಲಗಿದ ಮೇಲೆ ನಾವು ಮೂವರೂ ತೋಟಕ್ಕೆ ಹೋದೆವು. ಅಲ್ಲಿ ಸೊಸೆ ತಾಯಿಯ ಎದುರು ಅತ್ತುಬಿಟ್ಟಳು. “ಎಲಿ ಉದರವಲ್ವು ಯವ್ವಾ. ನಾ ಎಲ್ಲಾರ ಮುಂದ ಮಾತ ಕೊಟ್ಟೇನಿ. ಇನ್ನ ಈ ಮನ್ಯಾಗ ನನ್ನ ಮಾತ ಯಾರ ಕೇಳ್ತಾರ?”

ಬೀಗತಿ ಬಗ್ಗಿ ನೆಲದ ಬಿರುಕಿಗೆ ಕೈ ಹಾಕಿ, ಒಳಗಿನಿಂದ ಒಂದು ಹೆಂಟೆ ತೆಗೆದು ಮುರಿದು ನೋಡಿದರು. ಮೇಲೆ ಒಣಗಿದ್ದ ಮಣ್ಣು ಒಳಗೆ ಇನ್ನೂ ತಂಪಾಗಿತ್ತು. “ನಿಮ್ಮ ಸೋದರಮಾವಂದು ಮಸಾರಿ, ಕೆಂಪ ಮಣ್ಣು. ಇವತ್ತ ಕೊಟ್ಟ ನೀರು ನಾಳಿಗೆ ಇರೂದಿಲ್ಲ. ಇದು ಎರಿ ಭೂಮಿ, ಕರೇ ಮಣ್ಣು. ಕುಡದದ್ದನ್ನ ಹೊಟ್ಟ್ಯಾಗ ಇಟಗೊಂಡ ಕುಂದರತೈತಿ. ಅದೂ ವರ್ಷಾನಗಟ್ಟಲೆ ಕುಡದೈತಿ. ತಡಿ ಇನ್ನೊಂದೀಟು. ನೋಡಲ್ಲಿ, ಎಲಿ ಹಳದಿ ತಿರಗಾಕ ಹತ್ಯಾವ,” ಎಂದರು.

ಹೌದು, ತುದಿಯಿಂದ ಹಳದಿ ಇಳಿಯುತ್ತಿತ್ತು. ದಿನವೂ ನೋಡುವ ಕಣ್ಣಿಗೆ ಅದು ಕಂಡಿರಲಿಲ್ಲ. ಸೊಸೆ ಕಣ್ಣು ಒರೆಸಿಕೊಂಡಳು. ಸಾಲು ಸಾಲಾಗಿ ನೋಡುತ್ತಾ ಹೋದೆವು. ದಾರಿಯ ಬದಿಯ ಮೂಲೆಗೆ ಬಂದಾಗ ಬೀಗತಿ ನಿಂತರು.

“ಈ ಗಿಡಕ್ಕ ಏನಾಗೈತಿ?”

ಆ ಗಿಡಕ್ಕೆ ಏನೂ ಆಗಿರಲಿಲ್ಲ. ಉಳಿದವು ಸೊರಗಿ ನಿಂತಾಗ ಅದೊಂದು ಮದುಮಗನ ಹಾಗೆ ಮಿರಿಮಿರಿ ಹೊಳೆಯುತ್ತಿತ್ತು. ಹೊಸ ಚಿಗುರು ಬಿಟ್ಟಿತ್ತು. ಬುಡದಲ್ಲಿ ಹುಲ್ಲು ಎಳೆಯದಾಗಿ ಬೆಳೆದಿತ್ತು, ಮಣ್ಣು ಹಸಿಯಾಗಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗಲೇ ಬೇಲಿ ದಾಟಿ ಯಜಮಾನರು ಬಂದರು. ಕೈಯಲ್ಲಿ ಬಕೆಟ್ಟು, ಅಂಚಿನ ತನಕ ನೀರು. ರೋಗಿ ಮಲಗಿದ್ದಾರೆಂದು ನಾವು ನಂಬಿದ್ದೆವು. ನಾವು ಮನೆಯಲ್ಲೇ ಇದ್ದೇವೆಂದು ರೋಗಿ ನಂಬಿದ್ದರು.

ಬೀಗತಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಹಳ ಮರ್ಯಾದೆಯಿಂದ ಕೇಳಿದರು. “ಬೀಗರ, ಹೊಟ್ಟಿ ಬ್ಯಾನಿ ನಿಮಗೋ, ಗಿಡಕ್ಕೋ?”

ಯಜಮಾನರು ಬಕೆಟ್ಟು ಕೆಳಗಿಡಲಿಲ್ಲ. ಇಟ್ಟರೆ ಒಪ್ಪಿಕೊಂಡ ಹಾಗೆ ಎಂದುಕೊಂಡರೋ ಏನೋ. “ಎಲ್ಲಾಕೂ ಕೊಟ್ಟಿಲ್ರಿ,” ಎಂದರು. “ಇದೊಂದಕ್ಕ. ಇದು ದಾರಿ ಮ್ಯಾಲಿಂದು. ಹೋಗೂವಾಗ ಬರೂವಾಗ ನನ್ನ ಮಾರಿ ನೋಡತೈತಿ.”

“ಗಂಜಿ ಕುಡದ್ರಿ. ಕಷಾಯಾ ಕುಡದ್ರಿ,” ಎಂದೆ ನಾನು.

“ಕುಡಿಸಿದೀ, ಕುಡದೆ.”

ಎಷ್ಟೋ ದಿನಗಳ ಮೇಲೆ ನನ್ನ ಸೊಸೆ ನಕ್ಕಳು. ನಕ್ಕು ನಕ್ಕು ಗಿಡ ಹಿಡಿದುಕೊಂಡು ನಿಂತಳು. ಆಮೇಲೆ, “ಇರಲಿ ಬಿಡ್ರಿ ಮಾವಾರ. ಈ ಗಿಡಾ ನಿಮ್ಮದು. ಕೊಡ್ರಿ ಎಷ್ಟ ಬೇಕಾದಷ್ಟ. ಉಳದಾವಕ್ಕ ಮಾತ್ರ ಬ್ಯಾಡ್ರಿ,” ಎಂದಳು.

ಯಜಮಾನರು ನೀರು ಸುರಿದು, ಬಕೆಟ್ಟು ಬೋರಲು ಹಾಕಿ, ನನ್ನ ಕಡೆ ತಿರುಗಿ, “ಹಂಗಾದ್ರ ನಂಗ ರೊಟ್ಟಿ ಚಾಲೂ ಮಾಡು,” ಎಂದರು.

ಬಸವ ಜಯಂತಿಯ ಹೊತ್ತಿಗೆ ಎಲೆಗಳು ಉದುರಿದವು. ಒಂದು ವಾರ ಗಾಳಿ ಬೀಸಿದ್ದೇ ತಡ, ಕಾಲು ಹೂಳುವಷ್ಟು. ಬರೀ ಕೊಂಬೆಗಳು ನಿಂತವು. ಸೊಸೆ ಹಿಗ್ಗಿದಳು, ಊರು ಬಾಯಿ ಬಡಿದುಕೊಂಡಿತು. ಯಜಮಾನರು ತೋಟದ ದಾರಿಯನ್ನೇ ಬಿಟ್ಟು ಹಳ್ಳದ ಕಡೆಯಿಂದ ಸುತ್ತಿ ಬರತೊಡಗಿದರು. ಆದರೆ ತಮ್ಮ ಗಿಡಕ್ಕೆ ನೀರು ತಪ್ಪಿಸಲಿಲ್ಲ.

ಗೊಬ್ಬರ ಹಾಕುವ ಮೊದಲು ಸೊಸೆ ನನ್ನ ಕೈಲಿ ಹೇಳಿಸಿ ಗ್ರಾಮಸೇವಕರನ್ನು ಕರೆಸಿದಳು. ಹಿಂದಿನ “ಸಾಕು” ಎಲ್ಲಿಗೆ ಹೋಗಿ ಮುಟ್ಟಿತ್ತು ಎಂಬುದನ್ನು ಮಗ ಅವರಿಗೆ ವಿವರಿಸಿದ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಈ ಸಲ ನೆಲದ ಮೇಲೆ ಕೂತು ಎಲ್ಲವನ್ನೂ ತೋರಿಸಿದರು. ಗಿಡ ಉಣ್ಣುವ ಸಣ್ಣ ಬೇರು ಬುಡದಲ್ಲಿಲ್ಲ, ಕೊಂಬೆಯ ನೆರಳು ಮುಗಿಯುವ ಕಡೆ ಇದೆ; ಅಲ್ಲಿ ಸುತ್ತ ಕೆದಕಿ, ಸಗಣಿ ಗೊಬ್ಬರ ಕೊಟ್ಟು, ಅರ್ಧ ಬೊಗಸೆ ಯೂರಿಯಾ ಹಾಕಿ ಮಣ್ಣು ಮುಚ್ಚಬೇಕು. ನೀರು ಮಣ್ಣು ತೊಯ್ಯುವಷ್ಟು ಮಾತ್ರ. ಪಾತಿ ತುಂಬಿಸಿದರೆ ಗೊಬ್ಬರ ನೀರಿನ ಜೊತೆ ಬೇರು ದಾಟಿ ಕೆಳಗೆ ಇಳಿದು ಹೋಗುತ್ತದೆ.

“ಇಳದ ಎಲ್ಲಿ ಹೋಗತೈತ್ರಿ?” ಎಂದ ಮಗ.

“ಬಾವಿಗೆ.”

ಎಲ್ಲರೂ ಬಾವಿಯ ಕಡೆ ನೋಡಿದೆವು. ಪಾಚಿ ಮಖಮಲ್ಲಿನ ಹಾಗೆ ಹಾಸಿಕೊಂಡಿತ್ತು. ಇಷ್ಟು ವರ್ಷ ನಾವು ಯೂರಿಯಾ ಹಾಕಿ ಬೆಳೆಸಿದ್ದು ಅದನ್ನು.

ಹೊರಡುವಾಗ ಗ್ರಾಮಸೇವಕರು, “ಇಷ್ಟ ಸಾಕು,” ಎಂದರು. ಎಂದು, ಎರಡೂ ಕೈಯನ್ನು ಪಾತಿಯ ಮೇಲೆ ಅಡ್ಡ ಹಿಡಿದು ಬಾಗಿದರು. ಯಜಮಾನರು ನಿಟ್ಟುಸಿರು ಬಿಟ್ಟು, “ಈಗ ತಿಳೀತು ಬಿಡ್ರಿ,” ಎಂದರು.

ಮೊದಲ ನೀರು ಬಿಟ್ಟ ದಿನ ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. “ಇಷ್ಟಕ್ಕ ನಾಲಿಗಿ ಸುದ್ದಾ ತೊಯ್ಯೂದಿಲ್ಲ,” ಎಂದು ಗೊಣಗಿದರು. ಕೆಂಪು ಬಟನ್ನು ಒತ್ತಿದ್ದು ಸೊಸೆ.

ಮಿರಗ, ಅಂದರೆ ಮೃಗಶಿರ ಮಳೆ, ಸರಿಯಾಗಿ ಹಿಡಿಯಿತು. ಬೋಳು ಕೊಂಬೆಯ ತುಂಬ ಚಿಗುರು, ಚಿಗುರಿನ ಕಂಕುಳಲ್ಲಿ ಮೊಗ್ಗು. ಆಮೇಲೆ ಬಿಳಿ ಹೂ, ಒಂದೊಂದು ಹೂವಿನಲ್ಲೂ ಕೂದಲಿನಂಥ ಎಳೆಗಳು, ಸುತ್ತ ಜೇನುಹುಳುಗಳ ಸಂತೆ. ಮೂಲೆಯ ಗಿಡ ಮಾತ್ರ ಹೂವಿನ ಗೋಜಿಗೆ ಹೋಗದೆ ಎಲೆಯ ಮೇಲೆ ಎಲೆ ಬಿಟ್ಟು ನಿಂತಿತ್ತು. “ನೆರಳಿಗೊಂದು ಬೇಕ,” ಎಂದರು ಯಜಮಾನರು.

ಆದರೆ ಮಾತು ಆಗಿದ್ದು ಹೂವಿನ ಮೇಲಲ್ಲ, ಕಾಯಿಯ ಮೇಲೆ. ನಡುವೆ ಮಳೆ ಜೋರಾಗಿ ಹೂಗಳು ನೆಲಕ್ಕೆ ಬಿದ್ದವು. ಸೊಸೆ ದಿನವೂ ಬೆಳಿಗ್ಗೆ ರೊಟ್ಟಿ ಬಡಿಯುವ ಮೊದಲು ತೋಟಕ್ಕೆ ಓಡಿ, ಬಿದ್ದ ಹೂ ನೋಡಿ, ಏನೂ ಹೇಳದೆ ಬಂದು ಹಿಟ್ಟಿಗೆ ಕೈ ಹಾಕುತ್ತಿದ್ದಳು. ನಾನೂ ಕೇಳುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದಿನಲ್ಲೇ ಆ ದಿನದ ಸುದ್ದಿ ತಿಳಿಯುತ್ತಿತ್ತು. ಶ್ರಾವಣ ಹಿಡಿದ ಮೇಲೆ ಒಂದು ಬೆಳಿಗ್ಗೆ ಆ ಸದ್ದು ಹಗುರಾಯಿತು. ಆದರೂ ಬಾಯಿ ಬಿಡಲಿಲ್ಲ. ನಿನ್ನೆ ನನ್ನ ಕೈ ಹಿಡಿದು ತೋಟಕ್ಕೆ ಕರೆದುಕೊಂಡು ಹೋಗಿ, “ನೀವ ಮುಟ್ಟಿ ನೋಡ್ರಿ ಅತ್ತೀ, ನನ್ನ ಕಣ್ಣಮ್ಯಾಲೆ ನಂಗ ನಂಬಿಗಿ ಇಲ್ಲ,” ಎಂದಳು. ಮುಟ್ಟಿದೆ. ನಿಂತಿದ್ದವು.

ನಾನು ಬೈಲಹೊಂಗಲದಿಂದ ಮರಳಿ ಬರುವುದರೊಳಗೆ ಮಗನೂ ಹೋಗಿ ನೋಡಿ ಬಂದಿದ್ದ. ಅವನು ಏನಂದ ಎಂದು ಸೊಸೆಯನ್ನು ಕೇಳಿದೆ. “ಏನೂ ಅನಲಿಲ್ರಿ. ಹತ್ತಿ ಬೀಜದ ಚೀಲಾ ಮಂದಿಗೆ ಕೊಟ್ಟು ಬಂದ್ರು,” ಎಂದಳು.

ಸಂಜೆ ಹೋಳಿಗೆಯಾಯಿತು, ಕಟ್ಟಿನ ಸಾರಾಯಿತು. ನಮ್ಮ ಮನೆಯಲ್ಲಿ ಗಂಡಸರದು ಮೊದಲ ಊಟ, ಹೆಂಗಸರದು ಆಮೇಲೆ. ತಾಟು ಹಾಕಿ ಬಡಿಸಲು ಹೋದರೆ ಯಜಮಾನರು ಕೈ ತೊಳೆಯದೆ ಕೂತಿದ್ದರು.

“ಆಕೀನ ಕರೀರಿ. ಇನ್ನೂ ಮೂರ ತಾಟ ಹಾಕ್ರಿ. ಕೆಲಸದ ಮಾತ ಐತಿ.”

ಸೊಸೆ ಬಾಗಿಲ ಹಿಂದೆಯೇ ನಿಂತಳು. ಮೊಮ್ಮಗಳು ಹೋಗಿ ಸೆರಗು ಹಿಡಿದು ಎಳೆದುಕೊಂಡು ಬಂದಳು. ಪಡಸಾಲೆಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು, ಅಡುಗೆ ನಡುವೆ ಇಟ್ಟುಕೊಂಡು. ಬಡಿಸುವವರು ಯಾರೂ ಇಲ್ಲವಾದ್ದರಿಂದ ಬೇಕಾದವರು ಬೇಕಾದ್ದನ್ನು ಹಾಕಿಕೊಂಡರು. ಯಜಮಾನರಿಗೆ ತುಪ್ಪದ ಗಿಂಡಿ ಎಲ್ಲಿದೆ ಎಂಬುದೇ ಗೊತ್ತಾಗಲಿಲ್ಲ, ಅದು ಅವರ ಮೊಣಕಾಲಿನ ಪಕ್ಕದಲ್ಲಿತ್ತು.

ಮಗ ಹೋಳಿಗೆ ಮುರಿಯುತ್ತಾ ಹೆಂಡತಿಯ ಕಡೆ ನೋಡದೆ ಕೇಳಿದ. “ಉಳದ ಅರ್ಧ ಗೊಬ್ಬರ ಯಾವಾಗ ಹಾಕೂದು?”

ಅವಳು ನನ್ನ ಮುಖ ನೋಡಿದಳು. ನಾನು ಸಾರು ಹಾಕಿಕೊಳ್ಳುತ್ತಿದ್ದೆ.

“ಮಳಿ ಬಿಟ್ಟ ಮ್ಯಾಲ್ರಿ,” ಎಂದಳು. “ಮಳ್ಯಾಗ ಹಾಕಿದ್ರ ತೊಳಕೊಂಡ ಹೋಗತೈತಿ. ಭೂಮಿ ಸ್ವಲ್ಪ ಆರಲಿ.”

“ನೀರು?”

“ನಾ ಹೇಳ್ತೇನಿ.”

ಯಜಮಾನರು ಮಗನ ಕಡೆ ತಿರುಗಿ ಗದರಿದರು. “ಕೇಳಸ್ತೋ ಇಲ್ಲೋ? ಆಕಿ ಹೇಳಿದ ಮ್ಯಾಲೆ. ನಡುವ ಹೋಗಿ ಮೋಟರ ಮುಟ್ಟಬ್ಯಾಡ.”

ಮೊಮ್ಮಗಳಿಗೆ ನಗು ತಡೆಯದೆ ನೆತ್ತಿಗೆ ಹತ್ತಿತು, ಮಗ ಅವಳ ಬೆನ್ನು ತಟ್ಟಿದ. ಸೊಸೆ ಹೋಳಿಗೆಯನ್ನು ಹಾಲಿನಲ್ಲಿ ಅದ್ದಿ ತಿನ್ನತೊಡಗಿದಳು, ಹೊಟ್ಟೆ ಹಸಿದವರ ಹಾಗೆ, ಗಬಗಬನೆ. ನಾವೂ ಉಂಡೆವು.